ಚಿಕ್ಕಬೋರಮ್ಮನ ಹಸುವಿಗೊಂದು ಜಗಲಿ

ಬುಧವಾರ ಬೆಳಿಗ್ಗೆ ಮದ್ದೂರಿನ ಮೂಳೆ ಆಸ್ಪತ್ರೆಯೊಂದರ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಚಿಕ್ಕಬೋರಮ್ಮನವರ ಎರಡೂ ಮಂಡಿ ಬದಲಾಯಿಸಿ ನಾಲ್ಕು ತಿಂಗಳಾಗಿತ್ತು. ಸಣ್ಣತಾಯಮ್ಮ ಅಲ್ಲೇ ಸಿಕ್ಕಿದ ದೂರದ ನೆಂಟರು.

"ಹಸ ಮಾರ್ಬುಟ್ರಂತಲ್ಲಕ್ಕ?"

"ಯಾವಳಂದೋಳು? ಮಗ ದಲ್ಲಾಳಿ ಕರ್ಕೊಂಡು ಬಂದಿದ್ದ, ನಿಜ. ಅದು ನನ್ನ ಕೈಗೆ ಬುಟ್ರೆ ಇನ್ಯಾರ್ಗೂ ಆಲು ಕೊಡಕಿಲ್ಲ."

"ನೀನು ಕುಕ್ಕರುಗಾಲಲ್ಲಿ ಕೂರಂಗಿಲ್ವಲ್ಲ?"

"ಡಾಕ್ಟ್ರು ಬರ್ದೇ ಕೊಟ್ಟವ್ರೆ."

"ಕುರ್ಚಿ ಆಕ್ಕೊಂಡು ಕರಿ."

"ಕುರ್ಚೀಲಿ ಕುಂತ್ರೆ ಕೆಚ್ಚಲು ಎಟುಕಕಿಲ್ಲ ಕಣಮ್ಮಿ."

"ಮತ್ತೇನ್ ಮಾಡ್ದೆ?"

"ನಾನು ಕೆಳಕ್ಕೆ ಬಗ್ಗಂಗಿಲ್ಲ. ಅದ್ಕೇ ಹಸಾನೇ ಮ್ಯಾಕ್ಕೆ ಅತ್ತುಸ್ದೆ."

"ಏನಂದೆ?"

"ಕೊಟ್ಗೇಲಿ ಒಂದೂವರೆ ಅಡಿ ಜಗಲಿ ಕಟ್ಸಿವ್ನಿ. ಅದು ಮ್ಯಾಲೆ ನಿಂತ್ಕತದೆ, ನಾನು ಕೆಳ್ಗೆ ಕುರ್ಚೀಲಿ ಕುಂತು ಕರೀತೀನಿ."

"ಅಯ್ಯೋ ನಿನ್ನ! ಊರೋರು ನಗಾಕಿಲ್ವಾ?"

"ಬಿದ್ದುಬಿದ್ದು ನಗ್ತಾವ್ರೆ. ನಗ್ಲಿ ಬುಡು. ಇವತ್ತೂ ಡೈರಿಗೆ ಆರು ಲೀಟ್ರು ಆಕ್ಬುಟ್ಟೇ ಬಂದಿವ್ನಿ."

"ದಲ್ಲಾಳಿ?"

"ಕಾಪಿ ಕುಡ್ಸಿ ಕಳಿಸ್ದೆ. ಅದ್ರ ಆಲಲ್ಲೇ."

ನರ್ಸ್ ಹೆಸರು ಕೂಗಿದರು. ಚಿಕ್ಕಬೋರಮ್ಮ ಬೆಂಚಿಗೆ ಕೈಯೂರದೆ ಎದ್ದು ಒಳಗೆ ನಡೆದರು.