ಹೊಳಿಯವ್ವನ ಹಣೆ

ಈ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಇಂದಿನ ಸಭೆಯ ಅಧ್ಯಕ್ಷರೂ ಆಗಿರುವ ಸನ್ಮಾನ್ಯ ಅಂದಾನೆಪ್ಪನವರೇ, ಮುಖ್ಯೋಪಾಧ್ಯಾಯಿನಿ ಸುಧಾರಾಣಿ ಮೇಡಂ ಅವರೇ, ವೇದಿಕೆಯ ಮೇಲಿನ ಎಲ್ಲ ಗಣ್ಯರೇ, ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿರುವ ಸಿದ್ದವ್ವನವರೇ, ಗುತ್ತಲದ ಹಾಗೂ ಸುತ್ತಲಿನ ಹಳ್ಳಿಗಳ ಸಭಿಕರೇ, ಬೆಳಿಗ್ಗೆಯಿಂದ ಡ್ಯಾನ್ಸಿನ ಬಟ್ಟೆ ತೊಟ್ಟುಕೊಂಡು ಈ ಭಾಷಣಗಳು ಎಂದು ಮುಗಿಯುತ್ತವೋ ಎಂದು ಕಾಯುತ್ತಿರುವ ವಿದ್ಯಾರ್ಥಿನಿಯರೇ,

ನನ್ನ ಹೆಸರು ನಯಾಜ ನದಾಫ. ಊರು ಬ್ಯಾಡಗಿ. ಎರಡು ಮಾತು ಆಡು ಎಂದು ಮೇಡಂ ಹೇಳಿದ್ದಾರೆ. ಎರಡು ಮಾತು ಎಂದವರು ಯಾರಾದರೂ ಎರಡಕ್ಕೇ ನಿಲ್ಲಿಸಿದ್ದನ್ನು ನೀವು ನೋಡಿದ್ದೀರಾ? ನಾನೂ ನೋಡಿಲ್ಲ. ಅದಕ್ಕೇ ಮೊದಲೇ ಕ್ಷಮೆ ಕೇಳುತ್ತೇನೆ. ಇವತ್ತು ನನಗೆ ಬಹಳ ಖುಷಿಯಾಗಿದೆ. ಹೆದರಿಕೆಯೂ ಸ್ವಲ್ಪ ಇದೆ.

ಈಗಷ್ಟೇ ನನಗೆ ಶಾಲು ಹೊದಿಸಿದಿರಿ. ಬೆಳಿಗ್ಗೆ ಮನೆ ಬಿಡುವಾಗ ನನ್ನ ತಾಯಿ ಚಮನಬಿ, ಅಂದರೆ ನಮ್ಮ ಅಮ್ಮಿ, ಹೇಳಿದ್ದಳು: "ಶಾಲು ಹಾಕಿದ ಮ್ಯಾಲೆ ಅವರ ಕೈ ನೋಡು. ಲಕೋಟಿ ಇದ್ರೂ ನಗು, ಇಲ್ಲಂದ್ರೂ ನಗು. ಮಾರಿ ಸಣ್ಣದು ಮಾಡಬ್ಯಾಡ." ನಾನು ನಕ್ಕಿದ್ದೇನೆ, ಅಮ್ಮಿ. ಲಕೋಟೆ ಅಧ್ಯಕ್ಷರ ಜೇಬಿನಲ್ಲಿದೆ. ಅದು ಹೊರಗೆ ಬರಬೇಕಾದರೆ ಒಂದು ಷರತ್ತಿದೆ. ಆ ಷರತ್ತಿನ ಕಥೆಯನ್ನೇ ಹೇಳುತ್ತೇನೆ.

ಈ ಶಾಲೆ ನಿಂತಿರುವ ನೆಲವನ್ನು ಕೊಟ್ಟವರು ಹೊಳಿಯವ್ವ. ಹೆಣ್ಣುಮಕ್ಕಳು ಓದಲಿ ಎಂದು ತನ್ನ ಪಾಲಿನ ಹೊಲವನ್ನು ಬಿಟ್ಟುಕೊಟ್ಟ ತಾಯಿ. ಅಂದಾನೆಪ್ಪನವರು ಆಕೆಯ ಮಗನ ಮಗ, ಸಿದ್ದವ್ವನವರು ಆಕೆಯ ಮಗಳು. ಇಷ್ಟು ದೊಡ್ಡ ಶಾಲೆಯಲ್ಲಿ ಆಕೆಯ ಒಂದು ಫೋಟೋ ಇಲ್ಲ. ಇಲ್ಲವೇ ಇಲ್ಲ ಎಂದಲ್ಲ. ಶಾಲೆ ಶುರುವಾದ ದಿನ ತೆಗೆದ ಫೋಟೋ ಒಂದಿದೆ. ಹಾರ ತಿನ್ನಲು ಬಂದ ಆಡನ್ನು ಓಡಿಸಲು ಹೊಳಿಯವ್ವ ಆ ಗಳಿಗೆಯಲ್ಲೇ ತಿರುಗಿದ್ದಾಳೆ. ಫೋಟೋದಲ್ಲಿ ಆಕೆಯ ಸೆರಗು ಕಾಣುತ್ತದೆ, ತುರುಬು ಕಾಣುತ್ತದೆ. ಆಡಿನ ಮುಖ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಆದ್ದರಿಂದ ಆಕೆಯ ಚಿತ್ರ ಬರೆಸಬೇಕೆಂದು ಮಂಡಳಿ ತೀರ್ಮಾನಿಸಿತು. ಅರ್ಧ ಹಣ ಮುಂಗಡ, ಸಿದ್ದವ್ವ "ಹೌದು, ಇವಳೇ ನಮ್ಮವ್ವ" ಎಂದರೆ ಉಳಿದ ಅರ್ಧ. ನ್ಯಾಯವಾದ ಷರತ್ತು. ಹೊಳಿಯವ್ವನನ್ನು ಹತ್ತಿರದಿಂದ ಕಂಡವರಲ್ಲಿ ಈಗ ಉಳಿದಿರುವುದು ಸಿದ್ದವ್ವ ಒಬ್ಬರೇ ತಾನೇ?

ನನ್ನನ್ನೇ ಏಕೆ ಕರೆದರು ಎಂದು ನೀವು ಕೇಳಬಹುದು. ನಾನು ಹಾವೇರಿಯಲ್ಲಿ ಚಿತ್ರಕಲೆ ಕಲಿತೆ. ಕಲಿತ ಮೇಲೆ ಹೊಟ್ಟೆಪಾಡಿಗೆ ರಾಣೆಬೆನ್ನೂರಿನಲ್ಲಿ ರುದ್ರಮುನಿಯಣ್ಣನ ಫ್ಲೆಕ್ಸ್ ಅಂಗಡಿ ಸೇರಿದೆ. ಹುಟ್ಟುಹಬ್ಬದ ಬ್ಯಾನರು, ಗೆದ್ದವರ ಬ್ಯಾನರು, ಸೋತವರಿಗೂ ಬ್ಯಾನರು. ಹೆಚ್ಚಾಗಿ ಶ್ರದ್ಧಾಂಜಲಿಯ ಬ್ಯಾನರು. ಹಳ್ಳಿಯ ಎಷ್ಟೋ ಮುದುಕಿಯರಿಗೆ ಫೋಟೋ ಇರುತ್ತಿರಲಿಲ್ಲ. ಆಗ ಅಣ್ಣ ಮೊಬೈಲಿನಲ್ಲಿ ಹುಡುಕಿ ಯಾವುದೋ ಊರಿನ ಒಬ್ಬ ಅಜ್ಜಿಯ ಮುಖ ತೆಗೆದುಕೊಡುತ್ತಿದ್ದ. "ಮಾರಿ ಯಾರು ನೋಡ್ತಾರೋ ನಯಾಜ, ಹೂವಿನ ಹಾರ ದೊಡ್ಡದು ಮಾಡು." ಅದೇ ಅಜ್ಜಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಸಲ ತೀರಿಕೊಂಡಳೋ ದೇವರಿಗೇ ಗೊತ್ತು. ಒಂದು ದಿನ ಹಿರಿಯರೊಬ್ಬರು ಬ್ಯಾನರನ್ನು ಸುರುಳಿ ಸುತ್ತಿ ವಾಪಸ್ ತಂದರು. ಜಗಳ ಮಾಡಲಿಲ್ಲ. "ಇಕಿ ನಮ್ಮವ್ವ ಅಲ್ಲಪಾ. ಆದ್ರ ಪಾಪ, ಇಕೀನೂ ಯಾರದೋ ಅವ್ವ ಇರತಾಳ, ಹರಿಯಾಕ ಮನಸ ಬರಲಿಲ್ಲ" ಎಂದು ನನ್ನ ಕೈಗೆ ಕೊಟ್ಟು ಹೋದರು.

ಆ ಸುರುಳಿ ಹಿಡಿದುಕೊಂಡು ಕುಳಿತವನಿಗೆ ಮರುದಿನ ಕೆಲಸಕ್ಕೆ ಹೋಗಲು ಆಗಲಿಲ್ಲ. ಅವರ ಮನೆಗೆ ಹೋದೆ. ಮಗಳ ಕಣ್ಣು, ಮೊಮ್ಮಗನ ಗದ್ದ, ತಮ್ಮನ ಕಿವಿ ನೋಡಿ ನೋಡಿ ಅವರ ತಾಯಿಯ ಮುಖ ಬರೆದೆ. ಅಲ್ಲಿಂದ ಇದೇ ನನ್ನ ಕೆಲಸವಾಯಿತು. ಫೋಟೋ ಇಲ್ಲದೆ ಹೋದವರ ಮುಖ ಹುಡುಕುವುದು. ಹೊಟ್ಟೆ ತುಂಬಿತೇ ಎಂದು ದಯವಿಟ್ಟು ಕೇಳಬೇಡಿ. ಒಬ್ಬರು ರೊಕ್ಕದ ಬದಲು ಒಂದು ಚೀಲ ಜೋಳ ಕೊಟ್ಟರು. ಇನ್ನೊಬ್ಬರು ಅತ್ತುಬಿಟ್ಟರು. ಅತ್ತವರ ಹತ್ತಿರ ರೊಕ್ಕ ಹೇಗೆ ಕೇಳುವುದು? ರಾಣೆಬೆನ್ನೂರಿನ ಖೋಲಿಯ ಬಾಡಿಗೆ ಕಟ್ಟಲಾಗದೆ ಬಣ್ಣದ ಡಬ್ಬಿಗಳನ್ನು ಹೊತ್ತುಕೊಂಡು ಬ್ಯಾಡಗಿಗೆ ಬಂದುಬಿಟ್ಟೆ.

ನಮ್ಮ ತಂದೆ ಅಬ್ದುಲರಜಾಕ ಅವರು ಬ್ಯಾಡಗಿಯಲ್ಲಿ ಗಾದಿ, ಅಂದರೆ ಹತ್ತಿಯ ಹಾಸಿಗೆ, ಹೊಲಿಯುತ್ತಾರೆ. ಅಗೋ, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ನಿಂತಿದ್ದಾರೆ. ಅಪ್ಪಾಜಿ, ಒಳಗೆ ಬಂದು ಕುಂದ್ರಿ. ಬರುವುದಿಲ್ಲ. ಇರಲಿ. ಅವರು ನನಗೆ ಒಂದೇ ಮಾತು ಹೇಳಿದ್ದಾರೆ: "ಗುತ್ತಲದ ಕೆಲಸ ಒಂದು ಮುಗಿಸು. ಅದರಾಗೂ ಕೈಗೆ ಏನೂ ಹತ್ತಲಿಲ್ಲಂದ್ರ, ಸೋಮವಾರದಿಂದ ಮೆಣಸಿನಕಾಯಿ ಪ್ಯಾಟ್ಯಾಗ ದಲಾಲಿ ಅಂಗಡಿಗೆ ಹೋಗು. ನಾ ಮಾತಾಡಿ ಇಟ್ಟೇನಿ." ಇವತ್ತು ಶನಿವಾರ.

ಹಾಗಾದರೆ ನಾನು ಎಷ್ಟು ಹುರುಪಿನಿಂದ ಗುತ್ತಲಕ್ಕೆ ಬಂದೆ ಎಂದು ಊಹಿಸಿ. ಮೊದಲು ಅಧ್ಯಕ್ಷರ ಮನೆಗೆ ಹೋದೆ. ಚಹಾ ಕೊಟ್ಟರು, ದೀಪದ ಹತ್ತಿರ ಸರಿದು ಪಕ್ಕಕ್ಕೆ ತಿರುಗಿ ಕುಳಿತರು. "ಮೂಗು ಬೇಕಂದ್ರ ನನ್ನ ಮೂಗ ನೋಡು. ಹಂಗ ಚಿತ್ರದಾಗ ಇಳಸು." ಅವರ ತಮ್ಮಂದಿರೂ ತಮ್ಮ ತಮ್ಮ ಮೂಗು ತೋರಿಸಿದರು. ಮೂಗುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸೊಸೆಯಂದಿರು ಕೊರಳಿಗೆ ಬಂಗಾರದ ಬೋರಮಾಳ ಸರ ಹಾಕು ಎಂದರು. ಮುಂಗಡದ ಹಣವೆಲ್ಲ ಕ್ಯಾನ್ವಾಸಿಗೆ, ಬಣ್ಣಕ್ಕೆ ಹೋಯಿತು. ಬರೆದ ಪ್ರತಿ ಚಿತ್ರವನ್ನೂ ಸಿದ್ದವ್ವನ ಹತ್ತಿರ ಒಯ್ದೆ. ಸಿದ್ದವ್ವನಿಗೆ ಕಣ್ಣು ಕಾಣುವುದಿಲ್ಲ, ಬೆಳಕು ಮಾತ್ರ ತಿಳಿಯುತ್ತದೆ. ಮನೆಯವರು ಚಿತ್ರವನ್ನು ಬಾಯಲ್ಲಿ ಬಣ್ಣಿಸುತ್ತಿದ್ದರು. ಸಿದ್ದವ್ವ ಎಲ್ಲ ಕೇಳಿ, "ಇರಬಹುದು" ಎನ್ನುತ್ತಿದ್ದರು. ಯಾವ ಚಿತ್ರ ತಂದರೂ "ಇರಬಹುದು". ಇರಬಹುದು ಎಂದರೆ ಹೌದು ಎಂದು ಅರ್ಥವೇ? ಲಕೋಟೆಯ ಲೆಕ್ಕದಲ್ಲಿ ಅಲ್ಲ.

ಕೊನೆಗೆ ಮನೆಯವರು ಹೊಲಕ್ಕೆ ಹೋಗಿದ್ದಾಗ ಸಿದ್ದವ್ವ ನನ್ನ ಕೈ ಹಿಡಿದು ಹೇಳಿದರು: "ತಮ್ಮಾ, ನಮ್ಮವ್ವನ ಮಾರಿ ನನಗ ಮರತೈತಿ. ಇವರಿಗೆ ಹೇಳಾಕ ನಾಚಿಕಿ. ಹೆತ್ತ ಅವ್ವನ ಮಾರಿ ಮರತಾಳಂದ್ರ ಏನ ಅಂದಾರು?"

ಅಯ್ಯೋ. ಇದನ್ನು ಇಲ್ಲಿ ಹೇಳಬಾರದಿತ್ತು. ಮಾತಿನ ಭರದಲ್ಲಿ ಬಂದುಬಿಟ್ಟಿತು. ಸಿದ್ದವ್ವಾ, ಸಿಟ್ಟಾದಿರಾ? ಇಲ್ಲ, ನಗುತ್ತಿದ್ದಾರೆ, ಹೇಳು ಹೇಳು ಎಂದು ಕೋಲು ಆಡಿಸುತ್ತಿದ್ದಾರೆ. ದೊಡ್ಡ ಮನಸ್ಸು.

ಆ ದಿನ ಬ್ಯಾಡಗಿಗೆ ಹೋಗಿ ಅತ್ತುಬಿಟ್ಟೆ. ಚಿತ್ರ ಸಾಕು ಎಂದೆ. ಮಗಳು ಅವ್ವನ ಮುಖ ಮರೆತಿದ್ದಾಳೆ ಎಂದರೆ ಅಮ್ಮಿಗೆ ನಂಬಿಕೆ ಬರಲಿಲ್ಲ. ಆ ಅಜ್ಜಿಯನ್ನು ತಾನೇ ಮಾತಾಡಿಸುತ್ತೇನೆ ಎಂದು ಮರುದಿನ ನನ್ನ ಜೊತೆ ಬಸ್ಸು ಹತ್ತಿದಳು. ಬಿಸಿಲು, ಬಸ್ಸಿನ ಗದ್ದಲ, ಗುತ್ತಲದಲ್ಲಿ ಇಳಿಯುವ ಹೊತ್ತಿಗೆ ಅಮ್ಮಿಗೆ ತಲೆ ಸಿಡಿಯುತ್ತಿತ್ತು. ಅಮ್ಮಿ ತನ್ನ ಹೆಸರು ಹೇಳಿ ಮಾತಾಡಿಸಿದ ಕೂಡಲೇ ಸಿದ್ದವ್ವ ದನಿಯಲ್ಲೇ ಅದನ್ನು ಗುರುತಿಸಿದರು. "ತಲಿ ನೋಯಾಕತ್ತೈತೇನ ನಿನಗ? ಬಾ ಇಲ್ಲಿ, ಒತ್ತತೇನಿ." ಅಮ್ಮಿ ಬೇಡವೆಂದರೂ ಬಿಡದೆ ಮುಂದೆ ಕೂರಿಸಿಕೊಂಡು ಹಣೆಗೆ ಹೆಬ್ಬೆರಳು ಇಟ್ಟರು. ಒತ್ತುತ್ತಾ ಒತ್ತುತ್ತಾ ಒಮ್ಮೆಲೇ ಕೈ ನಿಲ್ಲಿಸಿದರು. "ನಮ್ಮವ್ವನ ಹಣಿ ಇಷ್ಟು ಸಪಾಟ ಇರಲಿಲ್ಲ ಚಮನಬಿ. ಇಲ್ಲಿ ನಡುವ ಎದ್ದಿತ್ತು. ಹುಬ್ಬಿನ ಮ್ಯಾಲೆ ಒಂದು ತಗ್ಗು. ಆ ತಗ್ಗಿನಾಗ ಒತ್ತಿದ್ರನ ಆಕಿಗೆ ಆರಾಮ ಅನಸತಿತ್ತು."

ಸಭಿಕರೇ, ನನಗೆ ಕುಣಿಯಬೇಕೆನಿಸಿತು. ಖರೇ ಹೇಳುತ್ತೇನೆ, ಆ ಪಡಸಾಲೆಯಲ್ಲಿ ಒಂದು ಸುತ್ತು ಕುಣಿದೇಬಿಟ್ಟೆ. ಹೊಳಿಯವ್ವನಿಗೆ ತಲೆನೋವಿನ ಕಾಯಿಲೆ ಇತ್ತಂತೆ. ದಿನಾ ಸಂಜೆ ಅವ್ವನ ತಲೆ ಒತ್ತುವುದು ಮಗಳ ಕೆಲಸ. ಕಣ್ಣು ಮರೆತ ಮುಖವನ್ನು ಬೆರಳು ಮರೆತಿರಲಿಲ್ಲ. ನಾನು ಇಷ್ಟು ದಿನ ಕಣ್ಣಿಗೇ ಪ್ರಶ್ನೆ ಕೇಳುತ್ತಿದ್ದೆ.

ಅಂದಿನಿಂದ ಅಮ್ಮಿ ನನ್ನ ಜೊತೆ ಬರತೊಡಗಿದಳು. ಅವಳು ತಲೆ ಕೊಟ್ಟು ಕೂರುವುದು, ಸಿದ್ದವ್ವ ಒತ್ತುವುದು. ಇಲ್ಲಿ ಅಗಲ, ಇಲ್ಲಿ ಇಳಿ, ಕಪಾಳದ ಎಲುಬು ಇದಕ್ಕಿಂತ ಮೇಲೆ. ನಾನು ಬರೆದುಕೊಳ್ಳಲಿಲ್ಲ, ಮಣ್ಣು ಹಿಡಿದು ಕೂತೆ. ಅಮ್ಮಿ ಒಂದು ದಿನ ಬಸ್ಸಿನಲ್ಲಿ ಅಂದಳು: "ನನ್ನ ತಲಿನೋವು ಹೋಗಿ ಭಾಳ ದಿನ ಆತು. ನಿನಗ ಹೇಳಿಲ್ಲ. ಆಕಿ ಕೈಯಾಗ ಕುಂತ್ರ ನನಗ ನನ್ನ ಅಮ್ಮಿ ನೆನಪಾಗತಾಳ."

ಅಧ್ಯಕ್ಷರು ನನ್ನ ಕಡೆ ನೋಡುತ್ತಿದ್ದಾರೆ. ಮಣ್ಣು ಯಾಕೆ ಎಂದು. ಹೌದು ಸರ್, ಈ ಪರದೆಯ ಹಿಂದಿನ ಚೌಕಟ್ಟಿನಲ್ಲಿರುವುದು ಬಣ್ಣದ ಚಿತ್ರವಲ್ಲ. ಉಬ್ಬುಮುಖ. ಮಣ್ಣಿನಲ್ಲಿ ಮಾಡಿ, ಹಾವೇರಿಯಲ್ಲಿ ಮೂರ್ತಿ ಮಾಡುವವರ ಹತ್ತಿರ ಅಚ್ಚು ತೆಗೆಸಿ, ಫೈಬರಿನಲ್ಲಿ ಎರಕ ಹೊಯ್ಯಿಸಿದ್ದೇನೆ. ನೀವು ಕೇಳಿದ್ದು ಇದಲ್ಲ. ಇದಕ್ಕೆ ನನ್ನ ಹಳೆಯ ಬೈಕು ಮಾರಿದ್ದೇನೆ, ಅದಕ್ಕೆ ನೀವು ಹೊಣೆಯಲ್ಲ. ಬೋರಮಾಳ ಸರ ಇಲ್ಲ, ಅಧ್ಯಕ್ಷರ ಮೂಗೂ ಇಲ್ಲ. ಆದರೆ ಕಣ್ಣು ಕಾಣದ ಮಗಳಿಗೆ ಅವ್ವನನ್ನು ತೋರಿಸಲು ಸಪಾಟಾದ ಕ್ಯಾನ್ವಾಸು ಏನು ಉಪಯೋಗ?

ಒಂದು ಮಾತು ಉಳಿದಿದೆ. ನಿನ್ನೆ ಇದನ್ನು ಬಾಡಿಗೆ ಗಾಡಿಯಲ್ಲಿ ಸಾಗಿಸುವುದು ಹೇಗೆ, ಒಡೆದರೆ ಏನು ಗತಿ ಎಂದು ಒದ್ದಾಡುತ್ತಿದ್ದೆ. ಅಪ್ಪಾಜಿ ಎದ್ದರು. ಅಂಗಡಿಯಿಂದ ಹೊಸ ಹತ್ತಿ ತಂದು, ಬಿಡಿಸಿ ಬಿಡಿಸಿ ಹಾಸಿ, ಹೊಳಿಯವ್ವನ ಮುಖದ ಸುತ್ತ ಗಾದಿಯ ಹಾಗೆ ತಾವೇ ಹೊಲಿದರು. ಗಿರಾಕಿಯ ಗಾದಿಗೆ ಇಟ್ಟಿದ್ದ ಹತ್ತಿ ಅದು. ಅಪ್ಪಾಜಿ, ನಾನು ನೋಡಿದೆ. ನೋಡಿಲ್ಲವೆಂದು ತಿಳಿಯಬೇಡಿ.

ಸಿದ್ದವ್ವ ಇದನ್ನು ಇನ್ನೂ ಮುಟ್ಟಿಲ್ಲ. ಅವರು "ಅಲ್ಲ" ಎಂದರೆ ಅಲ್ಲ. ಸೋಮವಾರ ಬ್ಯಾಡಗಿ ಪೇಟೆಯಲ್ಲಿ ನನ್ನನ್ನು ನೋಡಬಹುದು, ಮೆಣಸಿನಕಾಯಿಗೆ ಸೀನುತ್ತಾ ನಿಂತಿರುತ್ತೇನೆ. ಮೇಡಂ, ಅವರನ್ನು ಕರೆತನ್ನಿ. ಮೆಲ್ಲಗೆ, ಅಲ್ಲೊಂದು ಮೆಟ್ಟಿಲಿದೆ. ಪರದೆ ಸರಿಸಿ.

ಗುಸುಗುಸು ಕೇಳುತ್ತಿದೆ. ಚಿತ್ರ ಅಂದಿದ್ರಲ್ಲ, ಇದೇನು ಎಂದು. ಸ್ವಲ್ಪ ತಡೆಯಿರಿ. ಸಿದ್ದವ್ವ ಕೋಲನ್ನು ಮೇಡಂ ಕೈಗೆ ಕೊಟ್ಟರು. ಕೈ ಗದ್ದದ ಮೇಲಿದೆ. ಕಪಾಳಕ್ಕೆ ಬಂತು. ಅಲ್ಲೇ ನಿಂತಿತು.  ಅವ್ವಾ, ಏನಾದರೂ ಹೇಳ್ರಿ. ಕೈ ಮತ್ತೆ ಸರಿಯಿತು. ಮೇಲೆ ಹೋಯಿತು. ಹುಬ್ಬಿನ ಮೇಲಿನ ತಗ್ಗು ಸಿಕ್ಕಿತು.

ಸಭಿಕರೇ, ಒತ್ತುತ್ತಿದ್ದಾರೆ. ಎರಡೂ ಹೆಬ್ಬೆರಳಿನಿಂದ ಹೊಳಿಯವ್ವನ ಹಣೆ ಒತ್ತುತ್ತಿದ್ದಾರೆ.

ಅಧ್ಯಕ್ಷರೇ, ಲಕೋಟೆ ಆಮೇಲೆ ಕೊಡಿ, ಕಣ್ಣು ಒರೆಸಿಕೊಳ್ಳಿ. ಎಲ್ಲರಿಗೂ ನಾನು ಋಣಿ. ಚಪ್ಪಾಳೆ ಮಾತ್ರ ದಯವಿಟ್ಟು ಈಗ ಬೇಡ. ಹೊಳಿಯವ್ವನಿಗೆ ತಲೆ ನೋಯುತ್ತಿದೆ, ಗದ್ದಲ ಆಗುವುದಿಲ್ಲ. ಮೆಲ್ಲಗೆ ಹೇಳುತ್ತೇನೆ, ನಮಸ್ಕಾರ.