ಕೇಳುವ ಮೊದಲೇ ಒಪ್ಪಿಕೊಂಡವರು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ವಕೀಲರೇ, ನನ್ನ ಮೊದಲ ಭಾಷಣಕ್ಕೆ ಧೈರ್ಯವಾಗಿ ಬಂದು ಕುಳಿತಿರುವ ಸಭಿಕರೇ,

ಪೊಲೀಸರು ಹಿಡಿದಾಗ ನಮಗಿರುವ ಹಕ್ಕುಗಳ ಬಗ್ಗೆ ಮಾತಾಡಲು ಹೇಳಿದ್ದಾರೆ. ನಾನು ಲಾ ಕಾಲೇಜಿನ ಫಸ್ಟ್ ಇಯರ್. ಥಿಯರಿ ಇನ್ನೂ ಅರ್ಧ ಬಾಕಿಯಿದೆ. ಪ್ರಾಕ್ಟಿಕಲ್ ಮಾತ್ರ ಮುಗಿದಿದೆ.

ನಾನು, ನನ್ನ ರೂಮ್‌ಮೇಟ್ ಇಬ್ಬರೂ ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವರು. ಅಲ್ಲೊಂದು ಪದ್ಧತಿ. ವಾರ್ಡನ್ "ಯಾರೋ ಅದು?" ಎಂದರೆ ಸಾಕು, ಇಡೀ ರೂಮು "ನಾನೇ ಸಾರ್" ಎನ್ನಬೇಕು. ಎಲ್ಲರನ್ನೂ ಶಿಕ್ಷಿಸುವ ತಾಳ್ಮೆ ಯಾವ ವಾರ್ಡನ್‌ಗಿದೆ? ಪೊಲೀಸರಿಗಿದೆ.

ಹೋದ ತಿಂಗಳು ಯಾರೋ ಕನ್ನಡಕದ ಅಂಗಡಿಯ ಗಾಜಿಗೆ ಕಲ್ಲೆಸೆದು ಓಡಿಹೋದ. ಆಗಷ್ಟೇ ಅಲ್ಲಿಗೆ ಬಂದ ನಮ್ಮನ್ನು ಕಾನ್‌ಸ್ಟೇಬಲ್ ತಡೆದು, ಯಾರು ಒಡೆದದ್ದು ಎಂದು ಕೇಳಿದರು. ಇಬ್ಬರೂ ಒಂದೇ ಉಸಿರಿಗೆ "ನಾನೇ ಸಾರ್" ಎಂದುಬಿಟ್ಟೆವು!

ಸ್ಟೇಷನ್‌ನಲ್ಲಿ ಸಬ್‌ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡರು. "ಕಲ್ಲು ಒಂದು, ಒಪ್ಕೊಂಡೋರು ಇಬ್ರು. ಒಟ್ಟಿಗೆ ಹಿಡ್ಕೊಂಡು ಎಸೆದ್ರೇನ್ರಪ್ಪ?"

ನಗು ಬರಲಿಲ್ಲ. ಮರುದಿನ ರೂಮ್‌ಮೇಟ್‌ಗೆ ಸ್ಕಾಲರ್‌ಶಿಪ್ ಇಂಟರ್‌ವ್ಯೂ. ಅದು ತಪ್ಪಿದರೆ ಅವನ ಓದು ಅಲ್ಲಿಗೇ ನಿಂತಂತೆ. ಅವನ ಮುಂದೆ ಹೇಳಿಕೆ ಬರೆದಿಟ್ಟು, ಸಹಿ ಹಾಕು ಎಂದರು. ಪುಣ್ಯಾತ್ಮ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ.

ನಾನು ಎದ್ದು ನಿಂತೆ. "ಸಾರ್, ನಾವು ಆಗ ಹೇಳಿದ್ದು ಸುಳ್ಳು. ವಕೀಲರು ಬರೋವರೆಗೂ ಇನ್ನೇನೂ ಹೇಳಲ್ಲ, ಸಹಿನೂ ಹಾಕಲ್ಲ. ಮನೆಗೆ ಫೋನ್ ಮಾಡ್ಬೇಕು. ನಮ್ಮನ್ನ ಅರೆಸ್ಟ್ ಮಾಡಿದೀರಾ? ಮಾಡಿದ್ರೆ, ಯಾಕೆ ಅಂತ ಹೇಳಿ."

ಸಭಿಕರೇ, ಇದಿಷ್ಟೂ ನಮ್ಮ ಹಕ್ಕು. ಕಾರಣ ಕೇಳಬಹುದು. ಮನೆಯವರಿಗೆ ತಿಳಿಸಬಹುದು. ವಕೀಲರನ್ನು ಕರೆಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸುಮ್ಮನಿರಬಹುದು.

ಅಮ್ಮನಿಗೆ ಫೋನ್ ಮಾಡಿದೆ. "ಬಾಯ್ ಮುಚ್ಕೊಂಡು ಕೂತ್ಕೋ, ಬಂದೆ" ಎಂದಳು. ಕಾನೂನು ಓದದವಳು; ಸಲಹೆ ಮಾತ್ರ ಕರಾರುವಾಕ್ಕು.

ಸಬ್‌ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆ ಪಕ್ಕಕ್ಕಿಟ್ಟು, ಅಂಗಡಿಯವರನ್ನು ಕರೆಸಿದರು. ಅವರು ನಮ್ಮ ಮುಖ ನೋಡಿದವರೇ, ಇವರಲ್ಲ, ಓಡಿದವನು ಬೋಳುತಲೆಯವನು ಎಂದರು. ನನ್ನ ಕೂದಲು ತಾವೇ ನೋಡುತ್ತಿದ್ದೀರಿ; ಅವನದು ಇನ್ನೂ ದಟ್ಟ.

"ಹಾಗಾದ್ರೆ ಹೋಗ್ಬಹುದಾ ಸಾರ್?"

"ಹೋಗ್ರಪ್ಪ. ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಮೊದಲು ಏನಾಗಿದೆ ಅಂತ ಕೇಳ್ಕೊಳ್ಳಿ."

ಮಾರನೆಯ ದಿನ ಅವನನ್ನು ಬಸ್ಸು ಹತ್ತಿಸುವಾಗ, ಇಂಟರ್‌ವ್ಯೂನಲ್ಲಿ ಮಾತ್ರ ದಯವಿಟ್ಟು ಬಾಯಿ ಬಿಡು ಎಂದು ಬೇಡಿಕೊಂಡೆ. ಬಿಟ್ಟನಂತೆ. ಆಯ್ಕೆಯಾಗಿ ಅಗೋ, ಮೂರನೆಯ ಸಾಲಿನಲ್ಲಿ ಹಲ್ಲು ಕಿರಿಯುತ್ತಿದ್ದಾನೆ.

ಥಿಯರಿ ಅರ್ಧ ಓದಿದವನನ್ನೂ ಕೊನೆಯವರೆಗೆ ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.