ಗೊತ್ತಿದ್ದ ಪದ

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಎಂ.ಎ. ಪ್ರವೇಶ ಪರೀಕ್ಷೆಯ ಫೀ ಮಾತ್ರ ಒಂದು ಸೀರೆ ನೇಯ್ದ ಮಜೂರಿ. ಇಳಕಲ್ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾದಿದ್ದ ಮುದುಕಿ ಗುರುಲಿಂಗವ್ವನ ಪಕ್ಕ ಕುಳಿತು, ಪರೀಕ್ಷೆಗೆ ಹೊರಟಿದ್ದ ಮಹೇಶ್ವರಿ, ಹೋದ ವರ್ಷದ ಪ್ರಶ್ನೆಪತ್ರಿಕೆ ಹಿಡಿದು, ಆಗ ಆ ಪರೀಕ್ಷೆ ಬರೆದು, ಈಗ ತನ್ನನ್ನು ಕಳಿಸಲು ಬಂದ ನೇಕಾರರ ಆಫ್ರೀನಳಿಗೆ ಅದರ ಇಂಗ್ಲಿಷ್ ಪ್ರಶ್ನೆ ಕೇಳುತ್ತಿದ್ದಳು.

“‘ಡೇಂಜರ್ ಲೂಮ್ಸ್’ ಅಂದ್ರ ಏನಂತ ಬರ್ದಿದ್ದಿ?”

“ಮಗ್ಗದಿಂದ ಅಪಾಯ ಅಂತ.”

“ಅಯ್ಯ, ಅಪಾಯ ಎದುರಿಗೆ ಬಂದು ನಿಂತೈತಿ ಅಂತ ಅರ್ಥ.”

“ಲೂಮ್ ಮನ್ಯಾಗ ಐತಲ್ಲ, ಅದೊಂದು ಪದ ನನಗ ಗೊತ್ತೈತಿ ಅಂತ ಓದೂ ಮುಂದ ಡಿಕ್ಷನರಿ ನೋಡಲಿಲ್ಲ. ಒಂದ ಮಾರ್ಕಿಗೆ ಸೀಟ ಹೋತು.”

“ಈ ವರ್ಷ ಮತ್ತ ಬರಿ.”

“ಅಬ್ಬಾಗ ಕಣ್ಣ ಕಾಣವಲ್ಲವು. ಇನ್ನ ಮಗ್ಗದ ಕುಣ್ಯಾಗ ನಾನ ಕೂಡಬೇಕು.”

“ಹಂಗಾರ ನೀ ಬರ್ದಿದ್ದೂ ಖರೇನ ಬಿಡು.”

ಇಬ್ಬರೂ ನಕ್ಕರು. ಬಾಗಲಕೋಟೆ ಬಸ್ಸು ಬಂತು. ಮಹೇಶ್ವರಿ ಹತ್ತಿದಳು, ಆಫ್ರೀನ್ ತನ್ನ ಮನೆಯ ಕಡೆ ನಡೆದಳು. ಗೊತ್ತಿದ್ದ ಒಂದು ಪದಕ್ಕೆ ಆ ಹುಡುಗಿಯ ಓದು ಹೋಯಿತೆಂದು ಇಂಗ್ಲಿಷ್ ಬಾರದ ಗುರುಲಿಂಗವ್ವನಿಗೂ ತಿಳಿಯಿತು.